ಕಡಲಿತ್ತು, ಗಾಳಿ ಇರಲಿಲ್ಲ: ಆಂಗ್ರೆ, ಫೋರ್ಟ್ ಮತ್ತು ಕತ್ತಿವರಸೆ ಆಟದ ಬ್ಯಾಲೆನ್ಸ್

ಕಳೆದ ಸಂಚಿಕೆಯ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ವಿಡಿಯೋದಲ್ಲಿ ನಾನು "ಅಂದ್ರೆ, ಅಂದ್ರೆ" ಅಂತ ಎಳೆದಿದ್ದನ್ನೆಲ್ಲ ಕತ್ತರಿಸಿದ್ದೀನಿ, ಲೆಕ್ಕ ಬಂದ ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಲೋಕಲ್ ಟ್ರೇನಲ್ಲಿ ನಿಂತ್ಕೊಂಡು ವಿಡಿಯೋ ನೋಡೋದು ಕಷ್ಟ, ಓದೋದು ಸುಲಭ ಅಂತ ತುಂಬ ಜನ ಹೇಳಿದ್ರಿ. ಅದಕ್ಕೇ ಇದು.

ಈ ಸಲದ ವಿಷಯ ಆಟದ ನಿಯಮಗಳು. ಜೊತೆಗೆ 300 ವರ್ಷದ ಹಿಂದೆ ಮುಂಬೈ ಬಂದರಿನ ಬಾಯಲ್ಲಿ ನಡೆದ ಕಡಲ ಜಗಳ. ಇವೆರಡಕ್ಕೂ ಏನು ಸಂಬಂಧ ಅಂತ ಮೊದಲು ನನಗೂ ಗೊತ್ತಿರಲಿಲ್ಲ. ಒಬ್ಬ ಗೆಳೆಯ ನಮ್ಮ ಆಟ ಬಿಟ್ಟು ಹೋದ ಮೇಲೆ ಗೊತ್ತಾಯ್ತು.

ಶನಿವಾರದ ಟೇಬಲ್

ಫೋರ್ಟ್‌ನಲ್ಲಿ ಕೆಲಸ ಮಾಡೋರಿಗೆ ಗೊತ್ತು, ಶನಿವಾರ ಮಧ್ಯಾಹ್ನ ಆ ಏರಿಯಾ ಬೇರೆಯದೇ ಊರು. ವಕೀಲರ ಆಫೀಸು ಬಾಗಿಲು ಹಾಕಿರ್ತವೆ, ಫುಟ್‌ಪಾತಲ್ಲಿ ನಡೆಯೋಕೆ ಜಾಗ ಸಿಗುತ್ತೆ. ನಾವು ಐದು ಜನ ಅಲ್ಲಿನ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ಸೇರ್ತಿದ್ವಿ. ಮಾಲೀಕರು ಕುಂದಾಪುರ ಕಡೆಯವರು. ಕನ್ನಡದಲ್ಲಿ ಮಾತಾಡ್ಕೊಂಡು, ಗಂಟೆಗೊಂದು ಸಲ ಕಾಫಿ ಹೇಳ್ತಾ ಇದ್ರೆ ಟೇಬಲ್ ಬಿಡಿ ಅಂತ ಯಾರೂ ಕೇಳ್ತಿರಲಿಲ್ಲ. ಕಲಬುರಗಿಯವನೊಬ್ಬ, ದಾವಣಗೆರೆಯವಳೊಬ್ಬಳು, ಧಾರವಾಡದವನೊಬ್ಬ, ಗಂಗೊಳ್ಳಿಯ ಹುಡುಗನೊಬ್ಬ. ನಾನು ತುಮಕೂರಿನವನು. ಎಲ್ಲರೂ ಸಾಫ್ಟ್‌ವೇರ್.

ನಾವು ಆಡ್ತಿದ್ದದ್ದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಗೊತ್ತಿಲ್ಲದವರಿಗೆ ಸುಲಭವಾಗಿ ಹೇಳ್ಬೇಕು ಅಂದ್ರೆ, ತಾಳಮದ್ದಳೆಗೆ ದಾಳ ಸೇರಿಸಿದ ಹಾಗೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ, ಭಾಗವತರು ಪ್ರಸಂಗ ನಡೆಸ್ತಾರೆ. ಇಲ್ಲೂ ಹಾಗೇ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಕತೆ ನಡೆಸೋಕೆ ಒಬ್ಬ ಗೇಮ್ ಮಾಸ್ಟರ್. ವ್ಯತ್ಯಾಸ ಏನಂದ್ರೆ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ. ನೀವು ಒಂದು ಸಾಹಸಕ್ಕೆ ಕೈ ಹಾಕಿದ್ರೆ ಅದು ಆಗುತ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ. ಎಷ್ಟು ಬಿದ್ರೆ ಏನಾಗುತ್ತೆ ಅನ್ನೋದನ್ನ ನಿಯಮ ಹೇಳುತ್ತೆ.

ನಾನು ಗೇಮ್ ಮಾಸ್ಟರ್. ರೆಡಿಮೇಡ್ ಕತೆ ಬೇಡ, ಕೂತಿರೋ ಜಾಗದ ಕತೆಯನ್ನೇ ಆಡೋಣ ಅಂತ 1718ರ ಮುಂಬೈ ಆರಿಸ್ಕೊಂಡೆ. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಇನ್ನೊಂದು ಕಡೆ ಮರಾಠರ ಸರಖೇಲ್ ಕಾನ್ಹೋಜಿ ಆಂಗ್ರೆ. ಕಲಬುರಗಿ, ದಾವಣಗೆರೆ ಕಂಪನಿಯ ಹಡಗಿನ ಅಧಿಕಾರಿಗಳು. ಧಾರವಾಡದವನು ಆಂಗ್ರೆ ಕಡೆಯ ಕತ್ತಿಯಾಳು. ಗಂಗೊಳ್ಳಿ ಹುಡುಗ ದೋಣಿ ನಡೆಸೋ ತಾಂಡೇಲ.

ಹಡಗಿನಾಟದಿಂದ ಕತ್ತಿಯಾಟಕ್ಕೆ

ಈ ಜಾತಿಯ ಆಟಗಳ ಚರಿತ್ರೆ ಸ್ವಲ್ಪ ನೋಡೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೊರತಂದರು. ಅದಕ್ಕೂ ಮೊದಲೇ, 1972ರಲ್ಲಿ, ಇವರಿಬ್ಬರೂ ಮೈಕ್ ಕಾರ್ ಜೊತೆ ಸೇರಿ 'ಡೋಂಟ್ ಗಿವ್ ಅಪ್ ದಿ ಶಿಪ್' ಅನ್ನೋ ಪುಸ್ತಕ ಮಾಡಿದ್ರು. ಅದು ಹಾಯಿಹಡಗಿನ ಯುದ್ಧದ ಆಟ. ಮುಂದೆ ಆರ್ನೆಸನ್ ಹೇಳಿಕೊಂಡ ಪ್ರಕಾರ, ಡಂಜನ್ಸ್‌ನಲ್ಲಿ ಇವತ್ತಿಗೂ ಇರೋ 'ಆರ್ಮರ್ ಕ್ಲಾಸ್' ಅನ್ನೋ ಕಲ್ಪನೆ ಬಂದದ್ದು ಅವರು ಕಬ್ಬಿಣದ ಹೊದಿಕೆಯ ಯುದ್ಧಹಡಗುಗಳಿಗೆ ಬರೆದಿದ್ದ ನಿಯಮಗಳಿಂದ. ಅಂದ್ರೆ ಮನುಷ್ಯನ ಮೈಮೇಲಿನ ಕವಚವನ್ನ ಲೆಕ್ಕ ಹಾಕೋ ರೀತಿ ಹಡಗಿನ ಕಬ್ಬಿಣದಿಂದ ಬಂತು.

ಇದು ಕತ್ತಿವರಸೆ ಕತೆಗಳಿಗೆ ಒಂದು ತಲೆನೋವು ತಂದಿಟ್ಟಿತು. ಕತ್ತಿವರಸೆ ಕತೆ ಅಂದ್ರೆ ನಿಮಗೆ ಗೊತ್ತು: 'ರಣಧೀರ ಕಂಠೀರವ', 'ಮಯೂರ'. ನಾಯಕ ಕವಚ ಹೊತ್ಕೊಂಡು ಟ್ಯಾಂಕರ್ ಥರ ನಿಲ್ಲಲ್ಲ. ಮೆಟ್ಟಿಲು ಹಾರ್ತಾನೆ, ತೂಗುದೀಪ ಹಿಡಿದು ಜೋತಾಡ್ತಾನೆ, ಎದುರಾಳಿಯನ್ನ ಮಾತಲ್ಲೇ ಕೆಣಕ್ತಾನೆ. ಆದ್ರೆ ಕವಚ ದಪ್ಪ ಇದ್ದಷ್ಟೂ ಏಟು ಬೀಳೋದು ಕಡಿಮೆ ಅನ್ನೋ ನಿಯಮದಲ್ಲಿ ಬರೀ ಅಂಗಿ ತೊಟ್ಟ ಕತ್ತಿವೀರ ಶುದ್ಧ ದಡ್ಡ. ಕತೆ ಒಂದು ಹೇಳುತ್ತೆ, ಲೆಕ್ಕ ಇನ್ನೊಂದು ಹೇಳುತ್ತೆ. ಆಟಗಾರ ಲೆಕ್ಕದ ಮಾತೇ ಕೇಳ್ತಾನೆ.

ಇದನ್ನ ಸರಿಪಡಿಸೋಕೆ ಸುಮಾರು 50 ವರ್ಷದಿಂದ ಪ್ರಯತ್ನ ನಡೀತಿದೆ. 'ಮಯೂರ' ತೆರೆಗೆ ಬಂದ 1975ರಲ್ಲೇ ಅಮೆರಿಕದಲ್ಲಿ 'ಆನ್ ಗಾರ್ಡ್' ಅನ್ನೋ ಆಟ ಬಂತು. ಅದರಲ್ಲಿ ಇಬ್ಬರೂ ತಮ್ಮ ಕತ್ತಿಯ ವರಸೆಗಳನ್ನ ಮೊದಲೇ ಗುಟ್ಟಾಗಿ ಬರೆದಿಟ್ಟು, ಆಮೇಲೆ ಒಂದೊಂದಾಗಿ ಬಿಚ್ಚಿ ನೋಡ್ತಾರೆ. ಎದುರಾಳಿಯ ಮನಸ್ಸು ಓದೋದೇ ಅಲ್ಲಿನ ಕವಚ. 1999ರಲ್ಲಿ 'ಸೆವೆಂತ್ ಸೀ' ಬಂತು. ಅದರಲ್ಲಿ ಪಾತ್ರ ಕಟ್ಟೋಕೆ 100 ಅಂಕ ಕೊಡ್ತಾರೆ. ಕತ್ತಿವಿದ್ಯೆಯ ಶಾಲೆಯಲ್ಲಿ ಕಲಿತವನಾಗ್ಬೇಕಾ, 25 ಅಂಕ. ಪೂರ್ಣರಕ್ತದ ಮಂತ್ರವಿದ್ಯೆ ಬೇಕಾ, 40 ಅಂಕ. ಬೆಲೆ ಕಟ್ಟೋದರಿಂದ ಸಮತೋಲ ತರೋ ಉಪಾಯ ಇದು. ಆದ್ರೆ ಅದೇ ಆಟದಲ್ಲಿ 'ಪನಾಶ್' ಅನ್ನೋ ಒಂದು ಗುಣ ಇದೆ, ಅಂದ್ರೆ ಠೀವಿ. ಒಂದು ಸುತ್ತಿನಲ್ಲಿ ನಿಮಗೆ ಎಷ್ಟು ಸಲ ಆಡೋಕೆ ಸಿಗುತ್ತೆ ಅನ್ನೋದು ಅದರ ಮೇಲೆ ನಿಂತಿದೆ. ಬೇರೆಯವರು ಎರಡು ಸಲ ಆಡೋ ಹೊತ್ತಲ್ಲಿ ನೀವು ನಾಲ್ಕು ಸಲ ಆಡಿದ್ರೆ ಉಳಿದ ಗುಣಗಳ ಮಾತೆಲ್ಲಿ ಬಂತು? ಎಲ್ಲರ ಕಣ್ಣೂ ಠೀವಿಯ ಮೇಲೇ. ಡಂಜನ್ಸ್‌ನ ಐದನೇ ಆವೃತ್ತಿ 2015ರಲ್ಲಿ ಇನ್ನೊಂದು ದಾರಿ ಹಿಡೀತು. ಅದರ ಕತ್ತಿವೀರ ಒಬ್ಬನಿಗೆ ಏಟು ಹಾಕಿ ಹಿಂದೆ ಸರಿದ್ರೆ, ಆ ಎದುರಾಳಿಗೆ ಬೆನ್ನಿಗೆ ಹೊಡೆಯೋ ಅವಕಾಶ ಇಲ್ಲ. ಕವಚದ ಬದಲು ಕಾಲಿನ ಚುರುಕು.

ಹಗ್ಗ ಹಿಡಿದು ಹಾರೋನ ಲೆಕ್ಕ

ಕವಚದ ತೊಂದರೆ ಎಲ್ಲರ ಕಣ್ಣಿಗೂ ಬೀಳುತ್ತೆ. ಕಣ್ಣಿಗೆ ಬೀಳದ ಇನ್ನೊಂದು ತೊಂದರೆ ಇದೆ. ಎಂಜಿನಿಯರ್‌ಗಳಿಗೆ ಇದು ಇಷ್ಟ ಆಗುತ್ತೆ.

ನಿಮ್ಮ ಕತ್ತಿ ಗುರಿ ಮುಟ್ಟೋ ಸಾಧ್ಯತೆ 70% ಅಂತಿಟ್ಕೊಳ್ಳಿ. ನಿಂತಲ್ಲೇ ಬೀಸಿದ್ರೆ 70%. ಈಗ ನೀವು, "ನಾನು ಹಾಯಿಹಗ್ಗ ಹಿಡಿದು ಆ ಹಡಗಿಗೆ ಹಾರಿ ಹೊಡೀತೀನಿ" ಅಂತೀರಿ. ಗೇಮ್ ಮಾಸ್ಟರ್ ಏನಂತಾನೆ? "ಸರಿ, ಹಾರೋಕೆ ಒಂದು ದಾಳ ಹಾಕು, ಹೊಡೆಯೋಕೆ ಒಂದು ಹಾಕು." ಎರಡೂ 70% ಆದ್ರೆ, ಎರಡೂ ಗೆಲ್ಲೋ ಸಾಧ್ಯತೆ 49%. ಮೊದಲು ಹಗ್ಗ ಹತ್ತೋಕೂ ಒಂದು ದಾಳ ಅಂದ್ರೆ 34%ಗೆ ಇಳೀತು. ಸಾಹಸ ಜಾಸ್ತಿ ಆದಷ್ಟೂ ಸೋಲು ಜಾಸ್ತಿ. ಒಂದೇ ಒಂದು ದಾಳ ಹೆಚ್ಚಾದ್ರೂ ನಷ್ಟ ತುಂಬ್ಕೊಳ್ಳೋಕೆ ಆ ಏಟಿನ ಪೆಟ್ಟು ಮಾಮೂಲಿಗಿಂತ ಸುಮಾರು 1.43 ಪಟ್ಟು ಇರಬೇಕು. ಅಷ್ಟು ಕೊಡೋ ನಿಯಮ ಅಪರೂಪ. ಹಾಗಾಗಿ ಎರಡು ಶನಿವಾರ ಕಳೆಯೋದ್ರೊಳಗೆ ಆಟಗಾರರು ಪಾಠ ಕಲೀತಾರೆ: ಹಾರಬೇಡ, ನಿಂತಲ್ಲೇ ಬೀಸು. ಸಾಹಸದ ಆಟ ಅಂತ ಬೋರ್ಡು ಹಾಕಿ, ಒಳಗೆ ಸಾಹಸಕ್ಕೆ ದಂಡ ಹಾಕಿದ ಹಾಗೆ.

ಇದು ಗೊತ್ತಿದ್ದರಿಂದ ನಾನು ನನ್ನ ಆಟದಲ್ಲಿ ಸಾಹಸಕ್ಕೆ ಒಂದೇ ದಾಳ ಇಟ್ಟಿದ್ದೆ. ಗೆದ್ರೆ ಹಾರಿ ಹೊಡೆದ್ರಿ. ಸೋತ್ರೆ ಹಾರಿದ್ರಿ, ಆದ್ರೆ ತಪ್ಪು ಜಾಗದಲ್ಲಿ ಇಳಿದ್ರಿ. ಇಷ್ಟರ ಮಟ್ಟಿಗೆ ಜಾಣನಾಗಿದ್ದೆ. ಕತ್ತಿ ಸರಿ ಇತ್ತು. ಕಡಲಲ್ಲೇ ಎಡವಟ್ಟಾಗಿದ್ದು.

50-50 ಆಗಿಯೂ ಸತ್ತ ಆಟ

ಮೊದಲು ಕಂಪನಿಯ ದೊಡ್ಡ ಹಡಗು, ಆಂಗ್ರೆಯ ಸಣ್ಣ ದೋಣಿಗಳನ್ನ ಇದ್ದ ಹಾಗೆ ಬರೆದೆ. ಹಡಗಿಗೆ ಫಿರಂಗಿ ಜಾಸ್ತಿ, ಮೈ ಗಟ್ಟಿ. ದೋಣಿಗೆ ಎರಡೂ ಕಮ್ಮಿ. ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು ಸಾವಿರಾರು ಸಲ ಯುದ್ಧ ಓಡಿಸಿದ್ರೆ ಕಂಪನಿಯದ್ದೇ ಗೆಲುವು. ಸರಿ, ದೋಣಿಗಳ ಸಂಖ್ಯೆ ಏರಿಸಿದೆ, ಒಂದೊಂದರ ಗಟ್ಟಿತನ ಏರಿಸಿದೆ, ಫಿರಂಗಿ ಪೆಟ್ಟು ಏರಿಸಿದೆ. ಗೆಲುವು ಎರಡೂ ಕಡೆ ಸಮಸಮ ಬರೋವರೆಗೂ ನಂಬರ್ ತಿರುಗಿಸಿದೆ. 50-50 ಬಂತು. ಪೂರ್ತಿ ಬ್ಯಾಲೆನ್ಸ್ ಅಂತ ಖುಷಿಯಾಗಿ ಮಲಗಿದೆ.

ಮೂರು ಶನಿವಾರ ಆಡಿದ್ವಿ. ನಾಲ್ಕನೇ ಶನಿವಾರ ಗಂಗೊಳ್ಳಿ ಹುಡುಗ ಬರಲಿಲ್ಲ. ಐದನೇ ವಾರವೂ ಇಲ್ಲ. ಫೋನ್ ಮಾಡಿದ್ರೆ ಬಟ್ಟೆ ಒಗೀಬೇಕು ಅಂದ.

ನನಗೆ ಬೇಜಾರಾಯ್ತು. ನಮ್ಮಂಥವರಿಗೆ ಈ ಊರಲ್ಲಿ ವಾರಕ್ಕೊಮ್ಮೆ ಕನ್ನಡದಲ್ಲಿ ನಗೋಕೆ ಇರೋ ಜಾಗವೇ ಎಷ್ಟು? ಅವನು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಮುಂಬೈಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಒಂದು ಸಂಜೆ ಆಫೀಸ್ ಮುಗಿಸ್ಕೊಂಡು ಹೋಗಿ ಹಿಡಿದೆ. ತುಂಬ ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟ.

"ಅಣ್ಣ, ಬೇಜಾರ್ ಮಾಡ್ಕಬೇಡಿ. ನಾನು ತಾಂಡೇಲ ಅಂದ್ರಿ. ಮೂರು ವಾರದಲ್ಲಿ ನಾನು ಮಾಡಿದ್ದೆಂಥ? ದಾಳ ಹಾಕಿದೆ, ಗುಂಡು ಹೊಡೆದೆ. ಅವರೂ ದಾಳ ಹಾಕಿದ್ರು, ಗುಂಡು ಹೊಡೆದ್ರು. ನಿಮ್ಮ ಕಡಲಲ್ಲಿ ಗಾಳಿಯೇ ಇಲ್ಲ ಮಾರಾಯ್ರೆ. ಗಾಳಿ ಇಲ್ದೇ ತಾಂಡೇಲನಿಗೆ ಎಂಥ ಕೆಲಸ?"

ಅವನ ಮನೆಯವರು ತಲೆತಲಾಂತರದಿಂದ ಮೀನುಗಾರರು. ನಾನೋ, ಸುರತ್ಕಲ್‌ನಲ್ಲಿ ಎಂಟೆಕ್ ಮಾಡೋವಾಗ ಎರಡು ವರ್ಷ ಕಡಲ ಪಕ್ಕದಲ್ಲೇ ಇದ್ದವನು. ಬೆಳಿಗ್ಗೆ ಗಾಳಿ ಯಾವ ಕಡೆಯಿಂದ ಬೀಸುತ್ತೆ, ಸಂಜೆ ಯಾವ ಕಡೆಯಿಂದ ಅಂತ ಒಂದು ದಿನವೂ ಗಮನಿಸಿದವನಲ್ಲ. ನನ್ನ ಸ್ಕ್ರಿಪ್ಟ್‌ನಲ್ಲಿ ಗೆಲುವಿನ ಲೆಕ್ಕ ಸರಿ ಇತ್ತು. ಆದ್ರೆ ಎರಡೂ ಕಡೆಯನ್ನ ಸಮ ಮಾಡೋಕೆ ಹೋಗಿ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೆ. ಬಣ್ಣ ಬೇರೆ, ಹಡಗು ಒಂದೇ. ಆ ಹುಡುಗನಿಗೆ ಮಾತ್ರ ಗೊತ್ತಿದ್ದ ವಿದ್ಯೆಗೆ ಆಟದಲ್ಲಿ ಜಾಗವೇ ಇರಲಿಲ್ಲ.

ಗೋಡೆಯೊಳಗಿನ ಊರು, ಗೋಡೆಯಾಚೆಯ ಕಡಲು

ಆಮೇಲೆ ನಾನು ಚರಿತ್ರೆಯನ್ನ ಸರಿಯಾಗಿ ಓದೋಕೆ ಕೂತೆ. ಮೊದಲು ಓದಿದ್ದು ಬರೀ ಇಸವಿಗಳು.

ಪೋರ್ಚುಗೀಸ್ ರಾಜಕುಮಾರಿಯ ಮದುವೆಯಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೆ ವರದಕ್ಷಿಣೆಯಾಗಿ ಮುಂಬೈ ಸಿಕ್ಕಿತು. ಒಪ್ಪಂದ ಆದದ್ದು 1661ರಲ್ಲಿ. 1668ರಲ್ಲಿ ಅವನು ಅದನ್ನ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟ. ನಾವು ಇವತ್ತು ಫೋರ್ಟ್ ಅಂತ ಕರೆಯೋ ಜಾಗಕ್ಕೆ ಗೋಡೆ ಎದ್ದದ್ದು ಚಾರ್ಲ್ಸ್ ಬೂನ್ ಗವರ್ನರ್ ಆಗಿದ್ದಾಗ, 1715 ರಿಂದ 1722ರ ನಡುವೆ. ಮೂರು ಬಾಗಿಲು: ಅಪೋಲೋ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್. ಹಾರ್ನಿಮನ್ ಸರ್ಕಲ್ ಹತ್ತಿರ ಇರೋ ಸೇಂಟ್ ಥಾಮಸ್ ಚರ್ಚಿಗೆ ಹೋಗೋ ಬಾಗಿಲು ಚರ್ಚ್ ಗೇಟ್. ನಾವು ದಿನಾ ಇಳಿಯೋ ಸ್ಟೇಷನ್ನಿನ ಹೆಸರು ಅದೇ. 1860ರ ದಶಕದಲ್ಲಿ ಬಾರ್ಟಲ್ ಫ್ರೇರ್ ಗವರ್ನರ್ ಆಗಿದ್ದಾಗ ಗೋಡೆ ಕೆಡವಿದ್ರು, ಹೆಸರು ಉಳೀತು.

ಆ ಗೋಡೆ ಕಟ್ಟೋ ಕಾಲದಲ್ಲಿ ಕಂಪನಿಗೆ ಕಾನ್ಹೋಜಿ ಆಂಗ್ರೆಯ ಭಯ ಎಷ್ಟಿತ್ತು ಅನ್ನೋಕೆ ನಮ್ಮ ಕಾರವಾರಕ್ಕೂ ಸಂಬಂಧಪಟ್ಟ ಒಂದು ಘಟನೆ ಸಾಕು. 1712ರ ನವೆಂಬರಿನಲ್ಲಿ ಆಂಗ್ರೆಯ ದೋಣಿಗಳು ಮುಂಬೈ ಗವರ್ನರನ ಸ್ವಂತ ಶಸ್ತ್ರಸಜ್ಜಿತ ಹಡಗನ್ನೇ ಹಿಡಿದವು. ಕಂಪನಿಯ ಕಾರವಾರ ಕೋಠಿಯ ಮುಖ್ಯಸ್ಥ ಥಾಮಸ್ ಚೌನ್ ಆ ಕಾಳಗದಲ್ಲಿ ಸತ್ತ. ಅವನ ಹೆಂಡತಿ ಸೆರೆಯಾದಳು. ಮುಂದಿನ ವರ್ಷ 30,000 ರೂಪಾಯಿ ಕೊಟ್ಟು ಬಿಡಿಸ್ಕೊಂಡರು.

ಬೂನ್ ಬಂದ ಮೇಲೆ ದಾಳಿ ಮೇಲೆ ದಾಳಿ. 1717ರಲ್ಲಿ ವಿಜಯದುರ್ಗ, ಇಂಗ್ಲಿಷರು ಅದನ್ನ ಘೇರಿಯಾ ಅಂತಿದ್ರು. ಸೋತರು. 1718ರ ನವೆಂಬರಿನಲ್ಲಿ ಖಾಂದೇರಿ ದ್ವೀಪ, ಫೋರ್ಟ್‌ನಿಂದ ದಕ್ಷಿಣಕ್ಕೆ, ಬಂದರಿನ ಬಾಯಲ್ಲೇ. ಸೋತರು. ಅದೇ ವರ್ಷ ಕ್ರಿಸ್‌ಮಸ್ ದಿನ ಸೇಂಟ್ ಥಾಮಸ್ ಚರ್ಚ್ ಆರಂಭ ಆಯ್ತು. 1720ರಲ್ಲಿ ಮತ್ತೆ ವಿಜಯದುರ್ಗ. ಆ ಸಲ 'ಫ್ರಾಮ್' ಅಂತ ಹೆಸರಿಟ್ಟು, ಕಡಲ ಮೇಲೆ ತೇಲೋ ಒಂದು ಫಿರಂಗಿ ಕೋಟೆಯನ್ನೇ ಮುಂಬೈಯಲ್ಲಿ ಕಟ್ಟಿಸಿ ಕೊಂಡೊಯ್ದರು. ವಿಜಯದುರ್ಗ ಬೀಳಲಿಲ್ಲ. 1721ರಲ್ಲಿ ಬ್ರಿಟಿಷ್ ರಾಜನ ನೌಕಾಪಡೆಯ ಕಮೊಡೋರ್ ಮ್ಯಾಥ್ಯೂಸ್ ಮತ್ತು ಪೋರ್ಚುಗೀಸರು ಒಟ್ಟಿಗೆ ಸೇರಿ ಅಲಿಬಾಗಿನ ಕೊಲಾಬಾ ಕೋಟೆ ಮೇಲೆ ಬಿದ್ದರು. (ನಾವು ಟೀಶರ್ಟ್ ಚೌಕಾಸಿ ಮಾಡೋ ಕೊಲಾಬಾ ಅಲ್ಲ.) ಅದೂ ಆಗಲಿಲ್ಲ, ಪೋರ್ಚುಗೀಸರು ಬಾಜಿರಾಯನ ಜೊತೆ ಬೇರೆ ಒಪ್ಪಂದ ಮಾಡ್ಕೊಂಡು ಕೈತೊಳೆದ್ಕೊಂಡರು. 1729ರಲ್ಲಿ ಕಾನ್ಹೋಜಿ ಸತ್ತಾಗ ಅವನನ್ನ ಸೋಲಿಸಿದವರು ಯಾರೂ ಇರಲಿಲ್ಲ.

ಸಂಖ್ಯೆ ನೋಡಿದ್ರೆ ಇದು ಆಗಬಾರದು. ಫಿರಂಗಿ ಕಂಪನಿಯದ್ದೇ ದೊಡ್ಡದು, ಹಡಗು ಅವರದ್ದೇ ದೊಡ್ಡದು. ನನ್ನ ಮೊದಲ ಸ್ಕ್ರಿಪ್ಟ್ ಹೇಳಿದ್ದೂ ಅದನ್ನೇ. ಹಾಗಾದ್ರೆ ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದು ಏನು?

ಗುರಾಬು ಮತ್ತು ಗಲ್ಬತ್ತು

ಕಂಪನಿಯ ಚರಿತ್ರೆ ಬರೆದ ರಾಬರ್ಟ್ ಓರ್ಮ್ ಆಂಗ್ರೆಯ ಹಡಗುಗಳನ್ನ ತುಂಬ ವಿವರವಾಗಿ ಬಣ್ಣಿಸಿದ್ದಾನೆ. ಎರಡು ಜಾತಿ. ಒಂದು ಗುರಾಬು. ಎರಡು ಕಂಬದ್ದು ಸುಮಾರು 150 ಟನ್, ಮೂರು ಕಂಬದ್ದು 300 ಟನ್. ಉದ್ದಕ್ಕೆ ಹೋಲಿಸಿದ್ರೆ ಅಗಲ ಜಾಸ್ತಿ, ಮೂತಿ ಚೂಪು. ಮುಖ್ಯ ವಿಷಯ ಏನಂದ್ರೆ, ಅದರ ಎರಡು ದೊಡ್ಡ ಫಿರಂಗಿಗಳು ಪಕ್ಕದಲ್ಲಿಲ್ಲ, ಮೂತಿಯಲ್ಲಿವೆ. ಮುಂದಕ್ಕೆ ಗುಂಡು ಹಾರಿಸ್ತವೆ. ಇನ್ನೊಂದು ಗಲ್ಬತ್ತು. 70 ಟನ್ನಿನ ಒಳಗಿನ ಉದ್ದ ದೋಣಿ, ಹಾಯಿಯೂ ಇದೆ, ಜೊತೆಗೆ 40-50 ಹುಟ್ಟು. ಗಾಳಿ ಇಲ್ಲದಿದ್ರೂ ಗಂಟೆಗೆ ನಾಲ್ಕು ಮೈಲಿ ಸಾಗುತ್ತೆ. ಸಣ್ಣ ಫಿರಂಗಿಗಳು.

ಈಗ ದಾಳಿಯ ಕ್ರಮ ನೋಡಿ. ಎಂಟು ಹತ್ತು ಗುರಾಬು, 40-50 ಗಲ್ಬತ್ತು ಒಟ್ಟಿಗೆ ಹೊರಡ್ತವೆ. ವ್ಯಾಪಾರಿ ಹಡಗು ಕಂಡ್ರೆ ಬೆನ್ನು ಹತ್ತುತ್ತವೆ. ಗಾಳಿ ಬಿದ್ರೆ ಗಲ್ಬತ್ತುಗಳು ಗುರಾಬುಗಳಿಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತವೆ. ಹೋಗೋದು ಹಡಗಿನ ಹಿಂಭಾಗಕ್ಕೆ. ಯುರೋಪಿನ ಹಡಗಿನ ಫಿರಂಗಿಗಳೆಲ್ಲ ಎಡಬಲದ ಪಕ್ಕೆಯಲ್ಲಿ; ಹಿಂದೆ ಹೆಚ್ಚೇನೂ ಇಲ್ಲ. ಗಾಳಿ ಇಲ್ಲದೆ ಆ ಹಡಗು ತಿರುಗಿ ಪಕ್ಕೆ ತೋರಿಸೋಕೂ ಆಗಲ್ಲ. ಗುರಾಬುಗಳು ಹಿಂದಿನಿಂದ ಕಂಬ, ಹಗ್ಗಗಳಿಗೆ ಗುಂಡು ಹೊಡೀತವೆ. ಹಡಗು ಕುಂಟಾದ ಮೇಲೆ ಗಲ್ಬತ್ತುಗಳು ಸುತ್ತುವರಿದು, ಇನ್ನೂರು ಮುನ್ನೂರು ಜನ ಕತ್ತಿ ಹಿಡಿದು ಎಲ್ಲ ಕಡೆಯಿಂದ ಒಂದೇ ಸಲ ಹತ್ತುತ್ತಾರೆ.

ಸಿನಿಮಾದಲ್ಲಿ ನಾವು ನೋಡೋದು ಆ ಕೊನೆಯ ದೃಶ್ಯ ಮಾತ್ರ: ಕತ್ತಿ ಹಿಡಿದು ಹಾರೋದು. ಅಷ್ಟು ಹೊತ್ತಿಗೆ ತಾಂಡೇಲ ಎಲ್ಲ ಲೆಕ್ಕ ಮುಗಿಸಿರ್ತಾನೆ. ಹಾರೋದು 49%ನ ಹುಚ್ಚು ಸಾಹಸ ಆಗಿರಲ್ಲ, ಆ ಕ್ಷಣಕ್ಕೆ ಅದೇ ಎಲ್ಲಕ್ಕಿಂತ ಸರಿಯಾದ ನಡೆ ಆಗಿರುತ್ತೆ. ಕತ್ತಿವೀರನ ಧೈರ್ಯಕ್ಕೆ ಬೆಲೆ ಬರೋದು ಅವನ ಅಂಕಪಟ್ಟಿಯಿಂದಲ್ಲ, ಗಾಳಿ ನಿಂತ ಕಡಲಿಂದ.

ಆಂಗ್ರೆಗೂ ಮುಂಚೆಯೇ ಇದೇ ಖಾಂದೇರಿಯಲ್ಲಿ ಕಂಪನಿ ಈ ಪಾಠ ಒಂದು ಸಲ ಕಲಿತಿತ್ತು. 1679ರಲ್ಲಿ ಶಿವಾಜಿ ಆ ದ್ವೀಪದಲ್ಲಿ ಕೋಟೆ ಕಟ್ಟಿಸೋಕೆ ಶುರು ಮಾಡಿದಾಗ ಕಂಪನಿಯ ಹಡಗುಗಳು ಸುತ್ತ ಕಾವಲು ನಿಂತವು. ಎದುರಾಬದುರಾ ಕಾಳಗದಲ್ಲಿ ಕಂಪನಿಯ 'ರಿವೆಂಜ್' ಹಡಗು ಮರಾಠರ ದೊಡ್ಡ ದಂಡನ್ನೇ ಓಡಿಸಿತು. ಆದ್ರೆ ರಾತ್ರಿ ಹೊತ್ತು ಸಣ್ಣ ದೋಣಿಗಳು ಹುಟ್ಟು ಹಾಕ್ಕೊಂಡು ನುಸುಳಿ ದ್ವೀಪಕ್ಕೆ ಸಾಮಾನು ಮುಟ್ಟಿಸ್ತಾನೇ ಇದ್ದವು. ಕಾಳಗ ಕಂಪನಿಯದ್ದು, ದ್ವೀಪ ಮರಾಠರದ್ದು.

ಮಾಂಡ್ವಾ ಲಾಂಚ್‌ನಲ್ಲಿ ಬರೆದ ನಿಯಮ

ಒಂದು ಭಾನುವಾರ ಬೆಳಿಗ್ಗೆ ಗಂಗೊಳ್ಳಿ ಹುಡುಗನನ್ನ ಕರ್ಕೊಂಡು ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗೋ ಲಾಂಚ್ ಹತ್ತಿದೆ. ಚಳಿಗಾಲ. ಅವನು ಕೈಯೆತ್ತಿ ತೋರಿಸ್ದ: ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ ಗಾಳಿ. ಬಿಸಿಲೇರಿದಂತೆ ಅದು ಸಾಯುತ್ತೆ, ಸ್ವಲ್ಪ ಹೊತ್ತು ಏನೂ ಇರಲ್ಲ. ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೆ ಜೋರು ಗಾಳಿ. ನಮ್ಮ ಕರಾವಳಿಯಲ್ಲೂ ಹಾಗೇ. ನೆಲ ಬೇಗ ಕಾಯುತ್ತೆ, ಬೇಗ ಆರುತ್ತೆ, ನೀರು ನಿಧಾನ, ಕಾರಣ ಅಷ್ಟೇ. ಪಿಯುಸಿಯಲ್ಲಿ ಓದಿದ್ದು, ಅಂಕ ತಗೊಂಡು ಮರೆತಿದ್ದು.

ಬರೋವಾಗ ಅದೇ ಲಾಂಚಿನಲ್ಲಿ ಕೂತು ನಾಲ್ಕು ನಿಯಮ ಬರೆದ್ವಿ.

ಒಂದು, ದಿನಕ್ಕೆ ಮೂರು ಜಾವ: ನೆಲಗಾಳಿ, ನಿಶ್ಚಲ, ಕಡಲಗಾಳಿ. ಯಾವಾಗ ಬದಲಾಗುತ್ತೆ ಅಂತ ದಾಳ ಹೇಳುತ್ತೆ. ತಾಂಡೇಲನ ಪಾತ್ರಕ್ಕೆ ಮಾತ್ರ ಒಂದು ಸುತ್ತು ಮುಂಚೆ ಗೊತ್ತಾಗುತ್ತೆ. ಎರಡು, ನಿಶ್ಚಲದಲ್ಲಿ ಹಾಯಿಹಡಗಿನ ವೇಗ ಸೊನ್ನೆ, ಹುಟ್ಟಿನ ದೋಣಿಗೆ ತೊಂದರೆ ಇಲ್ಲ. ಮೂರು, ಹಡಗಿಗೆ ದಿಕ್ಕು ಇದೆ; ಪಕ್ಕೆಯಿಂದ ಹೊಡೆದ್ರೆ ಪೆಟ್ಟು 10, ಹಿಂದಿನಿಂದ 1. ನಾಲ್ಕು, ಕಡಲಗಾಳಿ ಜೋರಾದ್ರೆ ಹುಟ್ಟು ಹಾಕೋರು ದಣೀತಾರೆ, ದೊಡ್ಡ ಹಡಗು ರಾಜ.

ದೋಣಿಗಳಿಗೆ ನಾನು ಸುಮ್ಮಸುಮ್ಮನೆ ಏರಿಸಿದ್ದ ಗಟ್ಟಿತನ, ಪೆಟ್ಟು ಎಲ್ಲ ವಾಪಸ್ ತೆಗೆದೆ. ಈಗ ಎರಡು ಕಡೆ ಸಮ ಇಲ್ಲವೇ ಇಲ್ಲ. ಆದ್ರೆ ಇಬ್ಬರಿಗೂ ಅವರವರ ಹೊತ್ತು ಅಂತ ಒಂದಿದೆ, ಆ ಹೊತ್ತಿಗೆ ಎಲ್ಲಿರಬೇಕು ಅನ್ನೋದೇ ಆಟ.

ಇದನ್ನ ಬರೀವಾಗ ನನಗೆ ಅಜ್ಜಿ ಮನೆ ಜಗಲಿಯ ಹುಲಿ-ಕುರಿ ಆಟ ನೆನಪಾಯ್ತು. ನಮ್ಮ ಕಡೆ ಮೂರು ಹುಲಿ, 15 ಕುರಿ. ಹುಲಿ ಹಾರಿ ಕುರಿ ತಿನ್ನುತ್ತೆ. ಕುರಿಗೆ ಹಾರೋಕೆ ಬರಲ್ಲ, ತಿನ್ನೋಕೆ ಬರಲ್ಲ. ಒತ್ತಾಗಿ ನಿಂತು ಹುಲಿಗೆ ದಾರಿ ಕಟ್ಟುತ್ತೆ. ಕುರಿಗೂ ಒಂದು ಹಲ್ಲು ಕೊಟ್ಟು ಸಮ ಮಾಡೋಣ ಅಂತ ಯಾರಿಗೂ ಅನ್ನಿಸಲಿಲ್ಲ. ನಮ್ಮ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂಥ ಆಟಗಳ ಮನೆ ಕೊರೆದಿರೋದನ್ನ ನೀವೂ ನೋಡಿರ್ತೀರಿ. ಓದುಬರಹ ಬಾರದ ನಮ್ಮಜ್ಜಿಗೆ ಗೊತ್ತಿದ್ದದ್ದು ನನಗೆ ಸ್ಕ್ರಿಪ್ಟ್ ಬರೆದ್ರೂ ಗೊತ್ತಾಗಿರಲಿಲ್ಲ.

ಮುಂದಿನ ಶನಿವಾರ ಅವನು ಬಂದ. ಬೆಳಗಿನ ಜಾವ, ನೆಲಗಾಳಿ. ಧಾರವಾಡದವನು "ನಡೀರಿ, ಹೊಡ್ಯೂಣು" ಅಂತಾನೆ. ತಾಂಡೇಲ ಬೇಡ ಅಂದ. ದ್ವೀಪದ ಮರೆಯಲ್ಲಿ ದೋಣಿ ನಿಲ್ಲಿಸಿ ಮೂರು ಸುತ್ತು ಸುಮ್ಮನೆ ಕೂತ. ಗಾಳಿ ಬಿತ್ತು. ಆಗ ಗುರಾಬಿಗೆ ಹಗ್ಗ ಕಟ್ಟಿ ಕಂಪನಿ ಹಡಗಿನ ಹಿಂದಕ್ಕೆ ಎಳೆಯೋಕೆ ಶುರು ಮಾಡಿದ. ಕಂಪನಿಯವರೂ ಸುಮ್ಮನಿರಲಿಲ್ಲ. ದಾವಣಗೆರೆಯವಳು ತನ್ನ ಹಡಗಿನ ಸಣ್ಣ ದೋಣಿಗಳನ್ನ ನೀರಿಗಿಳಿಸಿ, ಅವುಗಳಿಂದ ಹಡಗಿನ ಮೂತಿ ಎಳೆಸಿ ಪಕ್ಕೆ ತಿರುಗಿಸೋಕೆ ನೋಡಿದಳು. ನಿಜವಾದ ನಾವಿಕರೂ ಹಾಗೇ ಮಾಡ್ತಿದ್ರು. ಅವಳಿಗೆ ಅದು ಯಾರೂ ಹೇಳಿಕೊಟ್ಟಿದ್ದಲ್ಲ. ಕಾಫಿ ಆರಿ ತಣ್ಣಗಾಯ್ತು. ಕಡಲಗಾಳಿ ಏಳೋಕೆ ಒಂದು ಸುತ್ತು ಬಾಕಿ ಇದ್ದಾಗ ಧಾರವಾಡದವನು ಹಗ್ಗ ಹಿಡಿದು ಹಾರಿದ. ಯಾರು ಗೆದ್ರು ಅಂತ ವಿಡಿಯೋದಲ್ಲೇ ನೋಡಿ.

ರೂಲ್‌ಬುಕ್ ಯಾರ ಕೈಯಲ್ಲಿ?

ಒಂದು ವಿಷಯ ಬಾಕಿ ಇದೆ. ಕಂಪನಿಯ ಕಾಗದಗಳಲ್ಲಿ ಆಂಗ್ರೆಯ ಹೆಸರು 'ಕಡಲ್ಗಳ್ಳ' ಅಂತ. ಯಾಕೆ? ತನ್ನ ಕರಾವಳಿಯಲ್ಲಿ ಹೋಗೋ ಹಡಗುಗಳು ತನ್ನ ದಸ್ತಕ್, ಅಂದ್ರೆ ಪರವಾನಗಿ ಚೀಟಿ, ತಗೋಬೇಕು. ಇಲ್ಲದಿದ್ರೆ ಹಿಡೀತೀನಿ ಅಂತಿದ್ದ. ಆದ್ರೆ ಈ ಚೀಟಿ ವ್ಯಾಪಾರ ಅವನು ಕಂಡುಹಿಡಿದದ್ದಲ್ಲ. 16ನೇ ಶತಮಾನದ ಆರಂಭದಿಂದಲೇ ಪೋರ್ಚುಗೀಸರು 'ಕಾರ್ತಾಸ್' ಅನ್ನೋ ಚೀಟಿ ಇಲ್ಲದ ಹಡಗುಗಳನ್ನ ಹಿಡೀತಿದ್ರು. ಕಂಪನಿಯೂ ತನ್ನ ಪಾಸು ಕೊಡ್ತಿತ್ತು. ಒಬ್ಬರು ಮಾಡಿದ್ರೆ ಕಾನೂನು, ಇನ್ನೊಬ್ಬ ಮಾಡಿದ್ರೆ ಕಳ್ಳತನ.

1713ರಲ್ಲಿ ಆಂಗ್ರೆ ಮತ್ತು ಕಂಪನಿ ಒಪ್ಪಂದ ಮಾಡ್ಕೊಂಡವು: ಕಂಪನಿಯ ಹಡಗು ಮುಟ್ಟಲ್ಲ ಅಂತ. ಆಮೇಲೆ ಜಗಳ ಶುರುವಾದದ್ದು ಪದದ ಅರ್ಥದ ಮೇಲೆ. ಕಂಪನಿಯ ಪಾಸು ಇಟ್ಕೊಂಡ ಖಾಸಗಿ ವ್ಯಾಪಾರಿಯ ಹಡಗು ಕಂಪನಿಯ ಹಡಗು ಆಗುತ್ತಾ? ಹೌದು ಅಂತ ಇವರು, ಅಲ್ಲ ಅಂತ ಅವನು. ಟೇಬಲ್‌ನಲ್ಲಿ ನಿಯಮದ ಒಂದು ಪದ ಹಿಡಿದು ಗಂಟೆಗಟ್ಟಲೆ ವಾದ ಮಾಡೋರನ್ನ ನಾವು ರೂಲ್ಸ್ ಲಾಯರ್ ಅಂತ ನಗ್ತೀವಿ. ಇಲ್ಲಿ ಅದೇ ವಾದಕ್ಕೆ ಫಿರಂಗಿ ಹಾರಿದವು.

ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹದ 'ತಿಮೋಜ', ಇದಕ್ಕೆ ಇನ್ನೊಂದು ಉದಾಹರಣೆ. ಮೊದಲು ಅವನನ್ನ ಕಡಲ್ಗಳ್ಳ ಅಂತ ಬರೆದ್ರು. 1510ರಲ್ಲಿ ಗೋವಾ ಹಿಡಿಯೋಕೆ ಅಲ್ಬುಕರ್ಕ್‌ಗೆ ದಾರಿ ತೋರಿಸಿ ನೆರವಾದ ಮೇಲೆ ಅವನೇ ಮಿತ್ರನಾದ. ಮನುಷ್ಯ ಅವನೇ, ದೋಣಿ ಅವೇ.

ಆಂಗ್ರೆಗಳ ಬಲ ಮುರಿದದ್ದು 1756ರ ಫೆಬ್ರವರಿಯಲ್ಲಿ. ಅಡ್ಮಿರಲ್ ವಾಟ್ಸನ್ ಕಡಲಿಂದ, ರಾಬರ್ಟ್ ಕ್ಲೈವ್ ನೆಲದಿಂದ, ಜೊತೆಗೆ ಪೇಶ್ವೆಯ ಸೈನ್ಯ. ತುಳಾಜಿ ಆಂಗ್ರೆಯ ಹಡಗುಗಳು ವಿಜಯದುರ್ಗದ ಬಂದರಿನೊಳಗೆ ಒತ್ತೊತ್ತಾಗಿ ನಿಂತಿದ್ದವು. ಒಂದಕ್ಕೆ ಬೆಂಕಿ ಹತ್ತಿತು, ಅದರಿಂದ ಇನ್ನೊಂದಕ್ಕೆ, ಹಾಗೇ ಎಲ್ಲ ಸುಟ್ಟುಹೋದವು. ಓಡಾಡೋಕೆ ಜಾಗ ಇಲ್ಲದ ಕಡೆ ಗಲ್ಬತ್ತು ಬರೀ ಸಣ್ಣ ದೋಣಿ. ಕಂಪನಿ ಆ ಸಲ ಬರೀ ದೊಡ್ಡ ಫಿರಂಗಿ ತಂದು ಗೆದ್ದದ್ದಲ್ಲ. ಆಟದ ಮನೆಯನ್ನೇ ಬದಲಾಯಿಸಿ ಗೆದ್ದದ್ದು. ಪೇಶ್ವೆಯೇ ಅದಕ್ಕೆ ಜೊತೆಯಾದ ಅನ್ನೋದು ಬೇರೆ ಸಂಚಿಕೆಯ ವಿಷಯ.

ಇವತ್ತು ಫೋರ್ಟ್‌ನ ಹಳೇ ಬಾಂಬೆ ಕ್ಯಾಸಲ್, ಬೂನ್ ಕೂತು ಆಂಗ್ರೆಯ ಮೇಲೆ ದಾಳಿಗೆ ಯೋಜನೆ ಹಾಕಿದ ಆವರಣ, ನಮ್ಮ ನೌಕಾಪಡೆಯ ನೆಲೆ. 1951ರಿಂದ ಅದರ ಹೆಸರು ಐಎನ್ಎಸ್ ಆಂಗ್ರೆ. ಏಷ್ಯಾಟಿಕ್ ಲೈಬ್ರರಿಯ ಹಿಂದಿನ ರಸ್ತೆಯಲ್ಲಿ ಹೋಗೋವಾಗ ಬೋರ್ಡ್ ನೋಡಿ.

ನಮ್ಮ ಆಟ ಇನ್ನೂ ಮುಗಿದಿಲ್ಲ. ಮೂರನೇ ನಿಯಮದ ಆ 10 ಮತ್ತು 1 ಸರಿ ಇಲ್ಲ ಅಂತ ಕಲಬುರಗಿಯವನು ಪ್ರತಿ ವಾರ ಜಗಳ ತೆಗೀತಾನೆ, ಅವನ ಮಾತಲ್ಲಿ ಹುರುಳಿದೆ. ಮಳೆಗಾಲದ ಕಡಲಿಗೆ ನಿಯಮವೇ ಬರೆದಿಲ್ಲ. ಅದನ್ನ ಗಂಗೊಳ್ಳಿ ಹುಡುಗನಿಗೆ ಬಿಟ್ಟಿದ್ದೀನಿ. ಈಗ ಅವನು ಬಟ್ಟೆ ಭಾನುವಾರ ಒಗೀತಾನೆ.

ನಿಮ್ಮಲ್ಲಿ ಯಾರಾದ್ರೂ ಇಂಥ ಆಟ ನಡೆಸ್ತಿದ್ರೆ, ಗೆಲುವಿನ ಶೇಕಡಾವಾರು ಆಮೇಲೆ ನೋಡಿ. ಟೇಬಲ್‌ನಲ್ಲಿ ಯಾರು ಸುಮ್ಮನೆ ಕೂತಿದ್ದಾರೆ, ಅವರಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಿ.